ಊಟದ ಡಬ್ಬಿ ಹಾಗೆಯೇ ಮರಳುತ್ತಿದೆ: ಅನುಭವವಿದ್ದವರು ತಿಳಿಸಿ

ಕೋರಿಕೆ (ಮೈಸೂರು, ತಾಯಿ): ಒಂಬತ್ತನೆಯ ತರಗತಿಯ ಮಗಳು ಜೂನ್ ತಿಂಗಳಿನಿಂದ ಡಬ್ಬಿಯನ್ನು ಮುಟ್ಟದೆ ತರುತ್ತಿದ್ದಾಳೆ. ಟ್ಯೂಷನ್ ಮುಗಿಸಿ ಗೆಳತಿಯರೊಡನೆ ಗೋಬಿ ಮಂಚೂರಿ ತಿಂದೆನೆಂದು ಹೇಳಿ ರಾತ್ರಿಯ ಮುದ್ದೆಯನ್ನೂ ಬೇಡವೆನ್ನುತ್ತಾಳೆ. ಗದರಿದರೆ ಊಟವನ್ನೇ ಬಿಡುತ್ತಾಳೆ. ಏನು ಮಾಡಲಿ?

ಉತ್ತರ (ಮಂಡ್ಯ, ತಂದೆ): ನಮ್ಮ ಮಗ ಹತ್ತನೆಯ ತರಗತಿಯಲ್ಲಿದ್ದಾಗ ರಾಗಿರೊಟ್ಟಿಯ ಡಬ್ಬಿಯನ್ನು ತೆರೆಯುತ್ತಲೇ ಇರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ವಿವರಿಸಿದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ನಿಷೇಧಿಸಿದ ಸುದ್ದಿಯನ್ನೂ ಓದಿಸಿದೆ. "ಎಲ್ಲರೂ ತಿನ್ನುತ್ತಾರಲ್ಲ" ಎಂಬ ಒಂದು ಮಾತಿಗೆ ನನ್ನ ಉಪದೇಶವೆಲ್ಲ ಮುಗಿಯಿತು. ಅದೇ ಹುಡುಗ ಅಜ್ಜಿಯ ಊರಿನಲ್ಲಿ ಎರಡು ಮುದ್ದೆ ಉಣ್ಣುವುದನ್ನು ಕಂಡ ಮೇಲೆ, ಡಬ್ಬಿ ತೆರೆದೊಡನೆ "ಹಳ್ಳಿ ಊಟ" ಎಂದು ನಗುವ ಗೆಳೆಯರಿಗೆ ಅವನು ಅಂಜುತ್ತಿದ್ದಾನೆಂಬುದು ನನಗೆ ಹೊಳೆಯಿತು. ಅವರೆಕಾಯಿಯ ಕಾಲದ ಒಂದು ಭಾನುವಾರ ಆ ನಾಲ್ವರನ್ನೂ ಮನೆಗೆ ಕರೆದು ಹಿತಕಿದ ಬೇಳೆಯ ಸಾರು, ಮುದ್ದೆ ಬಡಿಸಿದೆವು. (ಬೇಳೆ ಹಿತಕಿದವನು ನಾನೇ; ಹೆಬ್ಬೆರಳು ಎರಡು ದಿನ ನೋಯುತ್ತಿತ್ತು.) ಅವರಲ್ಲಿ ಮೂವರ ಮನೆಯಲ್ಲಿಯೂ ರಾತ್ರಿ ಮುದ್ದೆಯೇ ಊಟವೆಂದೂ, ಅದನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರೆಂದೂ ಅಂದು ಹೊರಬಿತ್ತು. ಆಮೇಲೆ ಡಬ್ಬಿ ಖಾಲಿಯಾಗಿ ಬರತೊಡಗಿತು. ಗೋಬಿ ಪೂರ್ತಿ ನಿಲ್ಲಲಿಲ್ಲ, ಶನಿವಾರಕ್ಕೆ ಇಳಿಯಿತು. ಅಷ್ಟಕ್ಕೆ ನಾವೂ ಒಪ್ಪಿಕೊಂಡೆವು.

ಉತ್ತರ (ಮೈಸೂರು, ನಿವೃತ್ತ ಪ್ರೌಢಶಾಲಾ ಶಿಕ್ಷಕಿ): ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದನ್ನೂ ಗಮನಿಸಬೇಕು. ಮದುವೆಮನೆಯಲ್ಲಿ ಹತ್ತಿರದವರೊಬ್ಬರು "ದಪ್ಪಗಾಗಿಬಿಟ್ಟೆಯಲ್ಲೇ" ಎಂದದ್ದನ್ನೇ ಮನಸ್ಸಿಗೆ ಹಚ್ಚಿಕೊಂಡು ತಿಂಗಳುಗಟ್ಟಲೆ ಡಬ್ಬಿ ಮುಟ್ಟದಿದ್ದ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ತಮ್ಮ ಮಗಳು ಗೋಬಿಯನ್ನು ನಿಜವಾಗಿಯೂ ತಿನ್ನುತ್ತಿದ್ದಾಳೆಯೇ, ಊಟ ತಪ್ಪಿಸಲು ಅದನ್ನು ನೆಪ ಮಾಡುತ್ತಿದ್ದಾಳೆಯೇ ಎಂಬುದನ್ನು ಮೊದಲು ಮೆಲ್ಲಗೆ ತಿಳಿದುಕೊಳ್ಳಿ. ತೂಕ ಇಳಿಯುತ್ತಿದ್ದರೆ, ತಲೆಸುತ್ತು ಬಂದರೆ ಅಥವಾ ಮುಟ್ಟು ತಪ್ಪುತ್ತಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂಬ 2020ರ ನಿಯಮವೇನೋ ಇದೆ. ಟ್ಯೂಷನ್ ಬಳಿಯ ಗಾಡಿಗೆ ಅದು ತಾಗುವುದಿಲ್ಲ. ಹೊರಡುವ ಮುನ್ನ ಎರಡು ಇಡ್ಲಿ ತಿನ್ನಿಸಿ ಕಳುಹಿಸಿ. ಹಸಿದು ಗಾಡಿಯ ಮುಂದೆ ನಿಂತವಳಿಗೆ ಗೆಳತಿಯರ ಮಾತನ್ನು ಮೀರುವುದು ಕಷ್ಟ.

ಕೋರಿದವರು: ಇಬ್ಬರಿಗೂ ವಂದನೆಗಳು. ಮೇ ತಿಂಗಳಿನಲ್ಲಿ ನಮ್ಮ ಮೈದುನನ ಮದುವೆ ನಡೆಯಿತು. ಅಲ್ಲಿ ಯಾರಾದರೂ ಏನಾದರೂ ಅಂದರೇ ಎಂದು ಇಂದು ರಾತ್ರಿ ಅವಳನ್ನು ಕೇಳುತ್ತೇನೆ.