ಬೇಸಿಗೇಲಿ ಕಣ್ಣು ಉರಿ, ಜೊತೆಗೆ ನೀರೂ ಸುರಿಯುತ್ತೆ, ಇದು ಡ್ರೈ ಐ ಹೇಗಾಗುತ್ತೆ?

ಕಿಟಕಿಸೀಟು ಕೇಳಿದ್ದು:

ಎಲ್ರಿಗೂ ನಮಸ್ಕಾರ. ಬಿಸಿಲು ಜೋರಾದಾಗಿಂದ, ಅಂದ್ರೆ ಸುಮಾರು ಒಂದೂವರೆ ತಿಂಗಳಿಂದ ಕಣ್ಣಿಂದು ಒಂದೇ ಗೋಳಾಗಿದೆ. ಬೆಳಗ್ಗೆ ಎದ್ದಾಗ ರೆಪ್ಪೆ ಒಳಗಡೆ ಅಂಟಿಕೊಂಡಂಗಿರುತ್ತೆ, ನಿಧಾನಕ್ಕೆ ಬಿಡಿಸಿಕೊಂಡು ಕಣ್ಣು ತೆರೀಬೇಕು, ಆಮೇಲೆ ಸ್ವಲ್ಪ ಹೊತ್ತು ಆರಾಮ, ಮಧ್ಯಾಹ್ನ ಮೂರು ಗಂಟೆ ಆಗ್ತಿದ್ದಂಗೆ ಮರಳು ಬಿದ್ದಂಗೆ ಚುಚ್ಚೋಕೆ ಶುರು. ಆಫೀಸಲ್ಲಿ ಎಸಿ ನೆಟ್ಟಗೆ ನನ್ನ ಮುಖಕ್ಕೇ ಬಡಿಯುತ್ತೆ, ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರು, ಹೋಗ್ತಾ ಬರ್ತಾ ಬೈಕು. ಬೈಕಲ್ಲಿ ಬಿಸಿಗಾಳಿ ಹೊಡೆದ ತಕ್ಷಣ ಕಣ್ಣಲ್ಲಿ ಬಳಬಳ ನೀರು, ಎದುರಿನ ಗಾಡಿ ಮಸುಕಾಗಿ ಕಾಣುತ್ತೆ, ಪಕ್ಕಕ್ಕೆ ನಿಲ್ಲಿಸಿ ಒರೆಸಿಕೊಂಡು ಹೋಗಿದ್ದೂ ಇದೆ.

ಡಾಕ್ಟ್ರಿಗೆ ತೋರಿಸಿದೆ, ಟಾರ್ಚ್ ಬಿಟ್ಟು ನೋಡಿ ಡ್ರೈ ಐ ಅಂದ್ರು, ಡ್ರಾಪ್ಸ್ ಬರೆದುಕೊಟ್ರು, ಅಷ್ಟೇ. ಇಷ್ಟು ನೀರು ಸುರಿಯೋ ಕಣ್ಣು ಒಣಗಿದೆ ಅಂದ್ರೆ ನನಗೆ ನಂಬಿಕೇನೇ ಬರ್ತಿಲ್ಲ. ಆ ಡ್ರಾಪ್ಸ್ ಹಾಕಿದ್ರೆ ಹತ್ತು ನಿಮಿಷ ಹಾಯಿ, ಆಮೇಲೆ ಮತ್ತೆ ಅದೇ. ಹಾಗಾಗಿ ಹೋದ ವರ್ಷ ಮೆಡಿಕಲ್ ಶಾಪಲ್ಲಿ ತಂದಿಟ್ಟಿದ್ದ, ಕೆಂಪು ಹೋಗಿಸೋ ಡ್ರಾಪ್ಸ್ ಒಂದಿತ್ತು, ಅದನ್ನೂ ಹಾಕ್ತಿದ್ದೀನಿ, ದಿನಕ್ಕೆ ಏಳೆಂಟು ಸಲ ತಣ್ಣೀರೂ ಎರಚಿಕೊಳ್ತೀನಿ. ಸರಿಯಾಗಿ ಏನು ಮಾಡ್ಬೇಕು ಅಂತ ಗೊತ್ತಿರೋರು ದಯವಿಟ್ಟು ಹೇಳಿ.

ಮಸೂರ:

ನಾನು ಕಣ್ಣು ಪರೀಕ್ಷೆ ಮಾಡೋ ಕೆಲಸದಲ್ಲಿದ್ದೀನಿ, ನೀರು ಸುರಿಯೋದಕ್ಕೇ ಡ್ರೈ ಐ ಅಂತಾರಾ ಅಂತ ಬೇಸಿಗೆ ಬಂದ್ರೆ ದಿನಾ ಕೇಳ್ತಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಆ ಹಳೇ ಡ್ರಾಪ್ಸ್ ಇವತ್ತೇ ಬಿಸಾಕಿ. ಹೆಚ್ಚಿನ ಬಾಟಲಿಗಳನ್ನ ಸೀಲ್ ಒಡೆದು ಒಂದು ತಿಂಗಳಾದ್ಮೇಲೆ ಬಳಸಬಾರದು, ಮುಚ್ಚಳದ ಮೇಲೆ ಒಡೆದ ತಾರೀಖು ಬರೆದಿಟ್ಕೊಳ್ಳಿ. ಅದೂ ಅಲ್ಲದೆ ಕೆಂಪು ಹೋಗಿಸೋ ಡ್ರಾಪ್ಸ್ ಬಹಳಷ್ಟು ಕಣ್ಣಿನ ರಕ್ತನಾಳನ ಕುಗ್ಗಿಸುತ್ತೆ ಅಷ್ಟೇ, ತೇವ ಕೊಡಲ್ಲ, ಔಷಧಿ ಇಳಿದ ಮೇಲೆ ನಾಳ ಮತ್ತೆ ಉಬ್ಬಿ ಕಣ್ಣು ಮೊದಲಿಗಿಂತ ಕೆಂಪಾಗುತ್ತೆ, ನೀವು ಮತ್ತೆ ಹಾಕ್ತೀರ.

ಈಗ ನೀರಿನ ವಿಷಯ. ಕಣ್ಣೀರು ಅಂದ್ರೆ ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಂಡು ಲೋಳೆ, ಅದರ ಜೊತೆ ನೀರು, ಎಲ್ಲಕ್ಕಿಂತ ಮೇಲೆ ತೆಳ್ಳಗೆ ಎಣ್ಣೆ ಪದರ. ಆ ಎಣ್ಣೆ ಬರೋದು ರೆಪ್ಪೆ ಅಂಚಲ್ಲಿ ಸಾಲಾಗಿರೋ ಮೈಬೋಮಿಯನ್ ಗ್ರಂಥಿಗಳಿಂದ, ನಾವು ಪ್ರತಿ ಸಲ ರೆಪ್ಪೆ ಬಡಿದಾಗ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತೆ, ಅದೇ ನೀರು ಆವಿಯಾಗದಂತೆ ಕಾಯೋದು. ಎಣ್ಣೆ ಕಮ್ಮಿ ಆದ್ರೆ, ಮೇಲಿಂದ ಎಸಿ ಗಾಳಿ, ಬಿಸಿಗಾಳಿ ಹೊಡೆದ್ರೆ, ಪದರ ಬೇಗ ಹರಿದು ಕಣ್ಣಿನ ಮೇಲ್ಮೈ ಅಲ್ಲಲ್ಲಿ ಒಣಗುತ್ತೆ, ಉರಿ ಶುರುವಾಗುತ್ತೆ, ಆ ಉರಿಗೆ ಕಣ್ಣೀರಿನ ಗ್ರಂಥಿ ಒಂದೇ ಸಲ ನೀರು ಸುರಿಸುತ್ತೆ. ಈರುಳ್ಳಿ ಹೆಚ್ಚಿದಾಗ ಬರೋ ಥರದ ನೀರದು, ಅಂಟು ಎಣ್ಣೆ ಕಮ್ಮಿ, ಹಾಗಾಗಿ ನಿಲ್ಲದೆ ಕೆನ್ನೆ ಮೇಲೆ ಹರಿದು ಹೋಗುತ್ತೆ. ಸುರಿದಿದ್ದು ಬೇಕಾದಷ್ಟು, ಕಣ್ಣಿಗೆ ದಕ್ಕಿದ್ದು ಏನಿಲ್ಲ. ಪದೇಪದೇ ನೀರು ಎರಚಿಕೊಂಡ್ರೂ ಅಷ್ಟೇ, ಇದ್ದಬದ್ದ ಎಣ್ಣೆ ಪದರನೂ ತೊಳ್ಕೊಂಡು ಹೋಗುತ್ತೆ.

ಟಾರ್ಚಲ್ಲಿ ಇದೆಲ್ಲ ಗೊತ್ತಾಗಲ್ಲ. ಸರಿಯಾಗಿ ನೋಡೋದಾದ್ರೆ ಕಣ್ಣಿಗೆ ಹಳದಿ ಬಣ್ಣ ಸೋಕಿಸಿ, ನೀಲಿ ಬೆಳಕಲ್ಲಿ ರೆಪ್ಪೆ ಬಡೀಬೇಡಿ ಅಂತ ಹೇಳಿ ಎಣಿಸ್ತೀವಿ. ಹಸಿರಾಗಿ ಹೊಳೆಯೋ ಪದರದಲ್ಲಿ ಕಪ್ಪು ಮಚ್ಚೆ ಕಾಣಿಸ್ಕೊಳ್ಳೋ ಹೊತ್ತಿಗೆ 10 ಸೆಕೆಂಡ್ ಆಗಿಲ್ಲ ಅಂದ್ರೆ ಪದರ ಬೇಗ ಒಡೀತಿದೆ ಅಂತ ಅರ್ಥ. ಇನ್ನೊಂದು ಶರ್ಮರ್ ಟೆಸ್ಟ್, ಕೆಳರೆಪ್ಪೆ ಒಳಗೆ ಸಣ್ಣ ಪೇಪರ್ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡ್ತಾರೆ, 5 ಮಿ.ಮೀ.ನೂ ನೆನೀಲಿಲ್ಲ ಅಂದ್ರೆ ನೀರೇ ತೀರಾ ಕಮ್ಮಿ. ಎಣ್ಣೆ ಕೊರತೆನೋ ನೀರಿನ ಕೊರತೆನೋ ಗೊತ್ತಾದ್ರೆ ಚಿಕಿತ್ಸೆ ಸುಲಭ. ಇನ್ನೊಂದ್ಸಲ ಹೋದಾಗ ಈ ಟೆಸ್ಟ್ ಮಾಡ್ತೀರಾ ಅಂತ ಕೇಳಿ, ಸಂಕೋಚ ಬೇಡ.

ಡ್ರಾಪ್ಸ್ ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಕಾಗ್ತಿದ್ರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಸೇರಿಸೋ ರಾಸಾಯನಿಕ) ಇಲ್ಲದ್ದು ಕೇಳಿ ತಗೊಳ್ಳಿ, ಬೆನ್ಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಪ್ರಿಸರ್ವೇಟಿವ್ ಇರೋದನ್ನ ಜಾಸ್ತಿ ಹಾಕಿದ್ರೆ ಅದೇ ಕಣ್ಣನ್ನ ಕೆರಳಿಸುತ್ತೆ. ಉರಿ ಬಂದಮೇಲೆ ಹಾಕೋದಲ್ಲ, ಬೈಕ್ ಹತ್ತೋ ಮುಂಚೆ, ಮಧ್ಯಾಹ್ನ ಉರಿ ಶುರುವಾಗೋ ಮುಂಚೆ ಹಾಕಿ. ಒಂದೇ ಹನಿ ಸಾಕು, ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು, ಹಾಕಿ ಒಂದು ನಿಮಿಷ ಕಣ್ಣು ಮೆಲ್ಲಗೆ ಮುಚ್ಚಿಕೊಂಡಿರಿ.

ರಾತ್ರಿಪಾಳಿ:

ಮಸೂರ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನಗೂ ಎರಡು ಬೇಸಿಗೆ ಇದೇ ಪಾಡು, ಡ್ರಾಪ್ಸ್ ಮೇಲೆ ಡ್ರಾಪ್ಸ್ ಬದಲಾಯಿಸಿದೆ, ಕೊನೆಗೆ ಕೆಲಸ ಮಾಡಿದ್ದು ಗಾಳಿ ದಿಕ್ಕು ಬದಲಾಯಿಸಿದ್ದು. ಒಂದು ಟಿಶ್ಯೂ ಪೇಪರ್ ಸೀಳಿ ಮುಖದ ಹತ್ತಿರ ಹಿಡಿದು ನೋಡಿ, ಕುಳಿತ ಜಾಗದಲ್ಲಿ, ಕಾರಲ್ಲಿ, ಮಲಗೋ ದಿಂಬಿನ ಹತ್ತಿರ. ನನ್ನ ಸೀಟಲ್ಲಿ ಹಿಡಿದಾಗ ಪಟಪಟ ಹಾರಾಡ್ತು, ಅಲ್ಲಿಗೆ ಅರ್ಥ ಆಯ್ತು. ಎಸಿ ರೆಕ್ಕೆ ಮೇಲಕ್ಕೆ ತಿರುಗಿಸಿ, ನಾನು ಒಂದು ಮೊಳ ಪಕ್ಕಕ್ಕೆ ಸರಿದೆ, ಕಾರಲ್ಲಿ ಗಾಳಿ ಕಾಲಿಗೆ ಬಿಟ್ಕೊಂಡೆ. ಮಾನಿಟರ್ ಕೂಡ ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಸಿ, ಮೇಲಕ್ಕೆ ನೋಡಿದಷ್ಟೂ ಕಣ್ಣು ಅಗಲ ತೆರೆದು ಜಾಸ್ತಿ ಒಣಗುತ್ತೆ.

ನಿಮಗೆ ಬೆಳಗ್ಗೆ ಎದ್ದ ತಕ್ಷಣಾನೇ ಅಂಟುತ್ತೆ ಅಂದ್ರಲ್ಲ, ನಿದ್ದೇಲಿ ರೆಪ್ಪೆ ಪೂರ್ತಿ ಮುಚ್ಚುತ್ತಾ ಅಂತ ಮನೆಯವರನ್ನ ಕೇಳಿ ನೋಡಿ. ನನಗೆ ಒಂದು ಗೆರೆಯಷ್ಟು ತೆರೆದೇ ಇರುತ್ತಂತೆ, ಮೇಲಿಂದ ಇಡೀ ರಾತ್ರಿ ಫ್ಯಾನು! ಡಾಕ್ಟ್ರು ಮಲಗೋವಾಗ ಹಾಕೋಕೆ ಜೆಲ್ ಕೊಟ್ರು, ಹಾಕಿದ್ಮೇಲೆ ಮಂಜು ಮಂಜಾಗಿ ಕಾಣುತ್ತೆ, ಗಾಬರಿ ಬೇಡ, ದೀಪ ಆರಿಸೋ ಮುಂಚೆ ಹಾಕ್ಕೊಂಡ್ರೆ ಆಯ್ತು.

ಸುಮ್ನೆಓದುಗ:

ಇದರ ಮಧ್ಯೆ ನಂದೊಂದು ಪ್ರಶ್ನೆ, ಮೀನೆಣ್ಣೆ ಮಾತ್ರೆ ಒಮೆಗಾ 3 ತಗೊಂಡ್ರೆ ವಾಸಿ ಆಗುತ್ತೆ ಅಂತಾರಲ್ಲ, ನಿಜಾನಾ?

ಮಸೂರ:

ಮೊದಲು ನಾವೂ ಹಾಗೇ ಅಂದ್ಕೊಂಡಿದ್ವಿ. 2018ರಲ್ಲಿ ಡ್ರೀಮ್ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ ಬಂತು, ದಿನಕ್ಕೆ 3000 ಮಿ.ಗ್ರಾಂ. ಒಂದು ವರ್ಷ ಕೊಟ್ಟು ನೋಡಿದ್ರು, ಆಲಿವ್ ಎಣ್ಣೆ ಮಾತ್ರೆ ತಗೊಂಡೋರಿಗೂ ಇವರಿಗೂ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಅದಕ್ಕೆ ದುಡ್ಡು ಹಾಕೋ ಬದಲು ಬಿಸಿ ಶಾಖ ಕೊಡಿ. ಎಣ್ಣೆ ಗ್ರಂಥಿ ಒಳಗೆ ಗಟ್ಟಿಯಾಗಿ ಕೂತಿರೋ ಎಣ್ಣೆ ಕರಗಬೇಕು. ಒದ್ದೆ ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತೆ, ಅಲ್ಲೇ ಎಲ್ರೂ ತಪ್ಪೋದು, ಮತ್ತೆ ಮತ್ತೆ ಅದ್ದಿ ಒಟ್ಟು 5ರಿಂದ 10 ನಿಮಿಷ ಬಿಸಿ ಉಳಿಸ್ಕೋಬೇಕು. ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಹಿತವಾಗಿರಬೇಕು, ಸುಡಬಾರದು. ಆಮೇಲೆ ಕಣ್ಣು ಮುಚ್ಚಿ ಮೇಲ್ರೆಪ್ಪೆನ ಮೇಲಿಂದ ಕೆಳಕ್ಕೆ, ಕೆಳರೆಪ್ಪೆನ ಕೆಳಗಿಂದ ಮೇಲಕ್ಕೆ ಬೆರಳಲ್ಲಿ ಹಗುರಕ್ಕೆ ನೀವಿ, ಗುಡ್ಡೆ ಮೇಲೆ ಒತ್ತಬೇಡಿ.

ನೀಲಿಛತ್ರಿ:

ನಮ್ಮಮ್ಮಂಗೂ ಬೇಸಿಗೆ ಅಂತಲೇ ಅಂದ್ಕೊಂಡು ಬಿಟ್ಟಿದ್ವಿ, ಮಳೆ ಬಂದ್ರೂ ಹೋಗ್ಲಿಲ್ಲ, ಬಾಯಿನೂ ಒಣಗ್ತಿತ್ತು, ನೀರಿಲ್ಲದೆ ತುತ್ತು ನುಂಗೋಕಾಗ್ತಿರಲಿಲ್ಲ. ಆಮೇಲೆ ರಕ್ತ ಪರೀಕ್ಷೆ ಎಲ್ಲಾ ಮಾಡಿ ಶೋಗ್ರೆನ್ಸ್ ಅಂದ್ರು, ಅಂದ್ರೆ ದೇಹದ ರೋಗನಿರೋಧಕ ಶಕ್ತಿನೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡೋ ಕಾಯಿಲೆ. ಕಣ್ಣು ಬಾಯಿ ಎರಡೂ ಒಣಗ್ತಿದ್ರೆ, ಕೀಲು ನೋವೂ ಇದ್ರೆ ದಯವಿಟ್ಟು ತಡ ಮಾಡಬೇಡಿ, ನಾವು ಸುಮ್ನೆ ಎಷ್ಟೋ ತಿಂಗಳು ಕಳೆದ್ವಿ ಅಂತ ಈಗಲೂ ಸಂಕಟ ಆಗುತ್ತೆ. ಇನ್ನೊಂದು, ನೆಗಡಿ ಅಲರ್ಜಿಗೆ ತಗೊಳ್ಳೋ ಕೆಲವು ಮಾತ್ರೆನೂ ಕಣ್ಣು ಒಣಗಿಸುತ್ತಂತೆ, ತಗೊಳ್ತಿದ್ರೆ ಡಾಕ್ಟ್ರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಕಿಟಕಿಸೀಟು:

ಹದಿನೆಂಟು ದಿನ ಆದ್ಮೇಲೆ ಬರೀತಿದ್ದೀನಿ. ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಟಿಶ್ಯೂ ಹಿಡಿದು ನೋಡಿದೆ, ನಂದೂ ಹಾರಾಡ್ತು, ಸೀಟು ಬದಲಾಯಿಸಿಕೊಂಡೆ. ಹಳೇ ಡ್ರಾಪ್ಸ್ ಬಿಟ್ಟ ಮೊದಲ ನಾಲ್ಕೈದು ದಿನ ಕಣ್ಣು ಕೆಂಡದಂಗೆ ಕೆಂಪಾಗಿತ್ತು, ಆಮೇಲೆ ತಾನಾಗೇ ಇಳೀತು. ಬೇರೆ ಡಾಕ್ಟ್ರ ಹತ್ರ ಹಳದಿ ಬಣ್ಣದ ಟೆಸ್ಟ್ ಮಾಡಿಸಿದೆ, 4 ಸೆಕೆಂಡಿಗೇ ಒಡೀತಿದೆ, ಪೇಪರ್ ಪಟ್ಟಿ ಮಾತ್ರ ಚೆನ್ನಾಗಿ ನೆನೀತು, ಎಣ್ಣೆದೇ ತೊಂದ್ರೆ ಅಂದ್ರು. ದಿನಾ ರಾತ್ರಿ ಶಾಖ ಕೊಡ್ತಿದ್ದೀನಿ, ಹೆಲ್ಮೆಟ್ ಗಾಜು ಪೂರ್ತಿ ಇಳಿಸಿಕೊಂಡೇ ಓಡಿಸ್ತೀನಿ. ಮಧ್ಯಾಹ್ನದ ಚುಚ್ಚೋದು ಅರ್ಧಕ್ಕರ್ಧ ಕಮ್ಮಿ ಆಗಿದೆ, ಬೆಳಗ್ಗೆ ಅಂಟೋದು ಇನ್ನೂ ಇದೆ. ಮಸೂರ ಸರ್, ಶಾಖ ಎಷ್ಟು ದಿನ ಕೊಡ್ಬೇಕು?

ಮಸೂರ:

ಬೇಸಿಗೆ ಮುಗಿಯೋವರೆಗೂ ದಿನಾ ಬಿಡಬೇಡಿ, ಆಮೇಲೆ ಡಾಕ್ಟ್ರು ಗ್ರಂಥಿ ನೋಡಿ ಹೇಳ್ತಾರೆ. ನೋವು ಬಂದ್ರೆ, ಬೆಳಕು ನೋಡೋಕಾಗದೆ ಇದ್ರೆ, ದೃಷ್ಟಿ ಇದ್ದಕ್ಕಿದ್ದಂಗೆ ಮಸುಕಾದ್ರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ. ಬೆಳಗ್ಗೆ ಅಂಟೋದಕ್ಕೆ ರಾತ್ರಿಪಾಳಿಯವರು ಹೇಳಿದ ಜೆಲ್ ಕೇಳಿ ನೋಡಿ.

ರಾತ್ರಿಪಾಳಿ:

ಫ್ಯಾನ್ ದಿಕ್ಕೂ ನೋಡ್ಕೊಳ್ಳಿ, ನಾನು ತಲೆ ಇಡೋ ಕಡೆ ಕಾಲು ಹಾಕಿ ಮಲಗಿದ ಮೇಲೇ ಬೆಳಗ್ಗೆ ಕಣ್ಣು ಸಲೀಸಾಗಿ ತೆರೆದಿದ್ದು.