ಸಣ್ಣ ಅಂಗಡಿಯ ಕಂಪ್ಯೂಟರಿಗೆ ಯಾರು ಕೈ ಹಾಕ್ತಾರೆ?

ಜೆರಾಕ್ಸ್ ಅಂಗಡಿ:
ತಾಲ್ಲೂಕು ಕಚೇರಿ ಎದುರು ನಮ್ಮದೊಂದು ಜೆರಾಕ್ಸ್ ಅಂಗಡಿ. ಅರ್ಜಿ ತುಂಬುವುದು, ಟೈಪಿಂಗ್, ಪ್ರಿಂಟ್ ಎಲ್ಲ ಮಾಡುತ್ತೇವೆ. ಎರಡು ಕಂಪ್ಯೂಟರ್ ಇವೆ, ಒಂದರಲ್ಲಿ ಇನ್ನೂ ವಿಂಡೋಸ್ 7. ಆಂಟಿವೈರಸ್ ಅವಧಿ ಮುಗಿದು ವರ್ಷವಾಯಿತು. ಹೊಸದು ತರೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. "ನಮ್ಮ ಹತ್ರ ಏನಿದೆ ಅಂತ ಕದೀತಾರೆ? ನಾವೇನು ಬ್ಯಾಂಕಾ?" ಅನ್ನುತ್ತಾರೆ. ಅನುಭವ ಇದ್ದವರು ಹೇಳಿ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಲಗ್ನಪತ್ರಿಕೆ ಪ್ರೆಸ್:
ನಿಮ್ಮ ಅಪ್ಪನ ಮಾತನ್ನೇ ನಾನೂ ಆಡುತ್ತಿದ್ದೆ, 2019ರ ನವೆಂಬರ್‌ವರೆಗೆ. ಮದುವೆ ಸೀಸನ್, ಕೈತುಂಬ ಕೆಲಸ. ಡಿಸೈನ್ ಮಾಡುವ ಸಾಫ್ಟ್‌ವೇರ್ ಒಂದರ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಕಾಪಿ, ಹುಡುಕಿ ಇಳಿಸಿಕೊಂಡೆ. ಜೊತೆಗೆ ಬಂದ ಸೂಚನೆಯಲ್ಲಿ, ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಇತ್ತು. ನಾಯಿ ಕಟ್ಟಿಹಾಕಿ, ನಾವು ಬರ್ತೀವಿ ಅಂತ ಕಳ್ಳ ಹೇಳಿ ಕಳಿಸಿದ ಹಾಗೆ! ನಾನು ಕಟ್ಟಿಹಾಕಿದೆ.

ಮರುದಿನ ಬೆಳಿಗ್ಗೆ ಒಂದು ಪತ್ರಿಕೆಯೂ ತೆರೆಯಲಿಲ್ಲ. ಪ್ರತಿ ಫೈಲಿನ ಹೆಸರಿಗೂ ನಾಲ್ಕಕ್ಷರದ ಬಾಲ ಅಂಟಿತ್ತು. ಪ್ರತಿ ಫೋಲ್ಡರಿನಲ್ಲೂ ರೀಡ್‌ಮಿ ಅನ್ನುವ ಒಂದು ಚೀಟಿ. ಬೀಗ ತೆಗೆಯಲು 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490. ದರೋಡೆಯಲ್ಲೂ ಡಿಸ್ಕೌಂಟ್! ಪೂರ್ತಿ ಮೊತ್ತ ಆಗಿನ ಲೆಕ್ಕದಲ್ಲಿ ಸುಮಾರು 70 ಸಾವಿರ ರೂಪಾಯಿ.

ಬ್ಯಾಕಪ್ ಇದೆಯಲ್ಲ ಅಂದುಕೊಂಡೆ. ಇತ್ತು, ನಿಜ. ಆದರೆ ಆ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿನಿಂದ ಒಂದು ದಿನವೂ ಬಿಚ್ಚಿರಲಿಲ್ಲ. ಅದರಲ್ಲೂ ಅದೇ ಬಾಲ. ಪರಿಚಯದ ಹುಡುಗನೊಬ್ಬ ನೋಡಿ, ಇದು 'ಸ್ಟಾಪ್' ಅನ್ನುವ ರಾನ್ಸಮ್‌ವೇರ್, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅಂದ. ಎಮ್ಸಿಸಾಫ್ಟ್ ಅನ್ನುವ ಕಂಪನಿ ಹಿಂದಿನ ತಿಂಗಳಷ್ಟೇ ಅದಕ್ಕೊಂದು ಉಚಿತ ಟೂಲ್ ಬಿಟ್ಟಿತ್ತು. ಆಸೆಯಿಂದ ಹಾಕಿ ನೋಡಿದೆವು. ಬೀಗದ ಕೀಲಿ ಕಳ್ಳರ ಸರ್ವರಿನಿಂದಲೇ ಬಂದಿದ್ದರೆ ಆ ಟೂಲ್ ಏನೂ ಮಾಡಲಾಗದಂತೆ. ನನ್ನದು ಅಂಥದ್ದೇ. ದುಡ್ಡು ಕೊಡಲಿಲ್ಲ. ಕೊಟ್ಟ ಮೇಲೆ ಅವರು ಫೋನ್ ಎತ್ತುತ್ತಾರೆ ಅಂತ ಏನು ಗ್ಯಾರಂಟಿ?

ಕಸದ ಬುಟ್ಟಿಯಿಂದ ಪ್ರೂಫ್ ಹಾಳೆ ಹೆಕ್ಕಿ, ಮುದುರಿದ್ದನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಸರಿಮಾಡಿ, ಹದಿನಾಲ್ಕು ಪತ್ರಿಕೆ ಮತ್ತೆ ಟೈಪ್ ಮಾಡಿದೆ. ಒಂದರಲ್ಲಿ ಸೋದರಮಾವನ ಹೆಸರು ಬಿಟ್ಟುಹೋಯಿತು. ಆ ಜಗಳದ ಕಥೆ ಬೇರೆ.

ನಾನು ಸಾಹುಕಾರ ಅಂತ ಯಾರೂ ನನ್ನ ಅಂಗಡಿ ಹುಡುಕಿಕೊಂಡು ಬಂದಿರಲಿಲ್ಲ. ಬಲೆ ಹರವಿಟ್ಟಿದ್ದರು, ನಾನೇ ಹೋಗಿ ಬಿದ್ದೆ.

ಕಂಪ್ಯೂಟರ್ ರಿಪೇರಿ:
ನಾವಾಗಿ ಹೋಗಿ ಬೀಳಲೇಬೇಕು ಅಂತಲೂ ಇಲ್ಲ. 2017ರ ಮೇ 12ರಂದು ಹರಡಿದ ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ನೆನಪಿದೆಯಾ? ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ ಜಾಗದಲ್ಲಿ ಒಂದು ತೂತಿತ್ತು. ಅಲ್ಲಿಂದ ನುಗ್ಗಿ, ಪಕ್ಕದ ಕಂಪ್ಯೂಟರನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. 150ಕ್ಕೂ ಹೆಚ್ಚು ದೇಶಗಳಿಗೆ ಮುಟ್ಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಆಮೇಲೆ ಮಾಡೋಣ ಅಂತ ಬಿಟ್ಟವರು ಸಿಕ್ಕಿಬಿದ್ದರು. ಅವರಲ್ಲಿ ಬಹುಪಾಲು ವಿಂಡೋಸ್ 7ನವರು.

ಈಗಂತೂ ಅದಕ್ಕೆ ಮಾಮೂಲಿ ಅಪ್‌ಡೇಟ್ ನಿಂತೇ ಹೋಗಿದೆ, 2020ರ ಜನವರಿ 14ಕ್ಕೆ. ನಿಮ್ಮ ಹಳೇ ಮೆಷೀನಿನ ನೆಟ್ ವೈರನ್ನು ಇವತ್ತೇ ಕಿತ್ತುಬಿಡಿ. ಟೈಪಿಂಗಿಗೆ ಇರಲಿ, ಪಾಪ.

ಸೇವಾ ಕೇಂದ್ರ:
"ನಮ್ಮ ಹತ್ರ ಏನಿದೆ" ಅಂದರಲ್ಲ, ಅಪ್ಪನಿಗೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ತೋರಿಸಿ. ಗಿರಾಕಿಗಳ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ, ಸಹಿ. ಇನ್ನೊಬ್ಬರ ಹೆಸರಲ್ಲಿ ಸಾಲ ಎತ್ತುವವನಿಗೆ ಇನ್ನೇನು ಬೇಕು ಹೇಳಿ? ನಾವು ಸಂಜೆ ಶಟರ್ ಎಳೆಯುವ ಮುಂಚೆ ಅದನ್ನು ಖಾಲಿ ಮಾಡುತ್ತೇವೆ, ರೀಸೈಕಲ್ ಬಿನ್ನನ್ನೂ. ಗಿರಾಕಿ ತೆರೆದಿಟ್ಟು ಹೋದ ಮೇಲ್, ವಾಟ್ಸಾಪ್ ಎಲ್ಲ ಲಾಗೌಟ್.

ಪೆನ್‌ಡ್ರೈವ್ ವಿಷಯದಲ್ಲೂ ಹುಷಾರು. ಕಾಲೇಜು ಹುಡುಗರು ತಂದದ್ದರಲ್ಲಿ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿದ್ದರೆ ಮುಟ್ಟಬೇಡಿ, ಅದನ್ನು ಒತ್ತಿದರೆ ವೈರಸ್ಸೇ ಓಡುತ್ತದೆ. ಹಾಗಂತ ಫಾರ್ಮ್ಯಾಟ್ ಮಾಡಿಬಿಡಬೇಡಿ. ಅವರ ಫೈಲುಗಳು ಸಾಮಾನ್ಯವಾಗಿ ಒಳಗೇ ಅಡಗಿರುತ್ತವೆ. ಪ್ರಾಜೆಕ್ಟ್ ಹೋಯ್ತು ಅಂತ ಅಳುತ್ತಾ ನಿಂತಿದ್ದ ಹುಡುಗಿಗೆ ವಾಪಸ್ ತೆಗೆದುಕೊಟ್ಟಿದ್ದೇನೆ.

ಕಂಪ್ಯೂಟರ್ ರಿಪೇರಿ:
ಆಂಟಿವೈರಸ್‌ಗೆ ಸುಮ್ನೆ ದುಡ್ಡು ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ವಿಂಡೋಸ್ 10, 11ರ ಜೊತೆಗೇ ಡಿಫೆಂಡರ್ ಅನ್ನುವ ಆಂಟಿವೈರಸ್ ಉಚಿತವಾಗಿ ಬರುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ 10 ಇದ್ದರೆ ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಹಿಡಿಸುತ್ತದಾ ಅಂತ ನೋಡಿಸಿ, ತುಂಬ ಹಳೆಯ ಪ್ರೊಸೆಸರ್ ಆದರೆ ಹಿಡಿಸಲ್ಲ.

ಲಗ್ನಪತ್ರಿಕೆ ಪ್ರೆಸ್:
ಆ ದುಡ್ಡಿಗೆ ಎರಡು ಹಾರ್ಡ್‌ಡಿಸ್ಕ್ ತಗೊಳ್ಳಿ. ಒಂದು ವಾರ ಒಂದಕ್ಕೆ ಕಾಪಿ, ಮುಂದಿನ ವಾರ ಇನ್ನೊಂದಕ್ಕೆ. ಕಾಪಿ ಆದ ಕೂಡಲೇ ಬಿಚ್ಚಿ. ನನ್ನದೀಗ ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಇರುತ್ತದೆ. ಮತ್ತೆ, ಖಾತೆಯಿಂದ ದುಡ್ಡೇ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜೆರಾಕ್ಸ್ ಅಂಗಡಿ:
ಎಲ್ಲರಿಗೂ ಥ್ಯಾಂಕ್ಸ್. ಊಟದ ಹೊತ್ತಿಗೆ ಅಪ್ಪನನ್ನು ಕೂರಿಸಿಕೊಂಡು ಡೌನ್‌ಲೋಡ್ಸ್ ತೆರೆದೆ. ಎರಡೂವರೆ ಸಾವಿರ ಫೈಲ್! ಸ್ಕ್ರಾಲ್ ಮಾಡುತ್ತಾ ಹೋದರೆ ನಡುವೆ ಅವರದೇ ಆಧಾರ್, ಅಮ್ಮನ ಪಾಸ್‌ಬುಕ್, ಎದುರು ಹೋಟೆಲಿನವರ ಜಮೀನಿನ ಪಹಣಿ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಹಳೇ ಕಂಪ್ಯೂಟರಿನ ನೆಟ್ ವೈರ್ ಅವರೇ ಕಿತ್ತರು. ಈಗ ಹೇಳಿ, ಹಾರ್ಡ್‌ಡಿಸ್ಕ್ 1 ಟಿಬಿ ಸಾಕಾ?