ಮೈಸೂರಿಂದ ಮುತ್ತತ್ತಿಗೆ ಹೊಳೆ ಜೊತೆಯಲ್ಲೇ ಗ್ರಾವೆಲ್ ಸೈಕಲ್: ದಾರಿ ಹೇಗೆ?

ಸರಸ್ವತಿಪುರಂ ಸವಾರಿ:

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಒಂದು ಗ್ರಾವೆಲ್ ಸೈಕಲ್ ತೆಗೆದುಕೊಂಡೆ. 700x40 ಟೈರು (40 ಎಂಎಂ ಅಗಲ), ಟ್ಯೂಬ್‌ಲೆಸ್, ಹಿಂದೆ 11ರಿಂದ 42 ಹಲ್ಲಿನ ಗೇರು. ಇಲ್ಲಿಯವರೆಗೆ ಚಾಮುಂಡಿ ಬೆಟ್ಟ, ಕೆ.ಆರ್.ಎಸ್. ರಸ್ತೆ ಅಂತ ಡಾಂಬರಿನ ಮೇಲೇ ಓಡಿಸಿದ್ದೇನೆ. ಆದರೆ ಈ ಸೈಕಲ್ ತೆಗೆದುಕೊಂಡಿದ್ದೇ ಮಣ್ಣು ದಾರಿಗೆ ಅಲ್ವಾ?

ನನ್ನ ಆಸೆ ಇಷ್ಟು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಹಿಡಿದು ಅದರ ಜೊತೆಗೇ ಕೆಳಗೆ ಹೋಗಬೇಕು. ಗದ್ದೆ ಬಯಲು ಮುಗಿದು ಕಾಡಿನ ಕಣಿವೆ ಶುರುವಾಗುವ ಕಡೆ, ಮುತ್ತತ್ತಿವರೆಗೆ. ಉಪಗ್ರಹ ಚಿತ್ರ ನೋಡಿದರೆ ಶಿಂಷಾ, ಭೀಮೇಶ್ವರಿ ಸುತ್ತಮುತ್ತ ಕಾಡಿನೊಳಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಅವುಗಳಲ್ಲಿ ಸೈಕಲ್ ಹೋಗುತ್ತದಾ? ನಾನು ಮತ್ತು ನನ್ನ ನಾದಿನಿ, ಇಬ್ಬರು. ಜನವರಿಯಲ್ಲಿ ಎರಡು ದಿನ ರಜೆ ಹಾಕುವ ಯೋಚನೆ ಇದೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಬನ್ನೂರು ಏರಿ:

ಮೇಡಂ, ಮೊದಲು ಆ ಗೆರೆಗಳ ವಿಷಯ ಹೇಳಿಬಿಡುತ್ತೇನೆ. ಅವು ನಮಗಲ್ಲ. ಅದು ಕಾವೇರಿ ವನ್ಯಜೀವಿ ಧಾಮ, 1987ರಲ್ಲಿ ಆಗಿದ್ದು. ಒಳಗಿನ ಜಾಡುಗಳು ಅರಣ್ಯ ಇಲಾಖೆಯ ಜೀಪಿಗೆ ಮತ್ತು ಆನೆಗೆ. ಅನುಮತಿ ಇಲ್ಲದೆ ಒಳಗೆ ಹೋದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿಡಿ, ಸೈಕಲ್ಲಿಗೆ ಸದ್ದೇ ಇಲ್ಲ. ಬಿದಿರು ಮೆಳೆ ತಿರುಗಿದ ಕೂಡಲೇ ಎದುರಿಗೆ ಆನೆ ನಿಂತಿದ್ದರೆ ಅದಕ್ಕೂ ಗಾಬರಿ, ನಿಮಗೂ ಗಾಬರಿ. ಹಲಗೂರಿನಿಂದ ಮುತ್ತತ್ತಿಗೆ ಎಲ್ಲರೂ ಹೋಗುವ ರಸ್ತೆ ಇದೆ. ಅದೇ ಕಾಡಿನ ನಡುವೆ ಹೋಗುತ್ತದೆ. ಅದು ಸಾಕು.

ನಿಮಗೆ ಬೇಕಾದ ಮಣ್ಣು ದಾರಿ ಕಾಡಿನಲ್ಲಿಲ್ಲ, ಅದಕ್ಕೆ ಮುಂಚೆಯೇ ಇದೆ. ನಾಲೆಯ ಏರಿ, ಅಂದರೆ ನಾಲೆ ಪಕ್ಕದ ಮಣ್ಣಿನ ದಂಡೆ. ನಾನು ಪಶು ಆಸ್ಪತ್ರೆ ಕೆಲಸದಲ್ಲಿ ಹದಿನೆಂಟು ವರ್ಷ ಈ ಏರಿಗಳ ಮೇಲೆ ಮೊಪೆಡ್ ಓಡಿಸಿದವನು. ಬೆಳಿಗ್ಗೆ ಐದಕ್ಕೆ ಫೋನು ಬರುತ್ತಿತ್ತು, ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಅಂತ. ಡಾಂಬರು ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ಗಂಟೆ, ಏರಿ ಮೇಲೆ ಹದಿನೈದು ನಿಮಿಷ. ಈಗ ಅದೇ ದಾರಿಯಲ್ಲಿ ಸೈಕಲ್ ತುಳಿಯುತ್ತೇನೆ. ನೀವು ಗ್ರಾವೆಲ್ ಅನ್ನುವುದಕ್ಕೆ ನಮ್ಮ ಕಡೆ ಗರಸು ಅನ್ನುತ್ತಾರೆ. ಒಳ್ಳೆಯ ಏರಿ ಅಂದರೆ ಗರಸು ಹಾಕಿ ಗಟ್ಟಿಯಾಗಿರುವ ಏರಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಹತ್ತಡಿ ಕೆಳಗೆ ಗದ್ದೆ. ಜನವರಿ ಬೆಳಿಗ್ಗೆ ಏಳರ ತನಕ ಗದ್ದೆ ಮೇಲೆ ಮಂಜು ಮಲಗಿರುತ್ತದೆ. ಏರಿ ಮಾತ್ರ ಮಂಜಿನ ಮೇಲೆ ತೇಲುತ್ತಿರುತ್ತದೆ. ಆ ಹೊತ್ತಿಗೆ ಅಲ್ಲಿರಬೇಕು ನೀವು.

ದಾರಿ ನೆನಪಿಟ್ಟುಕೊಳ್ಳುವುದು ಸುಲಭ. ಶ್ರೀರಂಗಪಟ್ಟಣ ದಾಟಿದ ಮೇಲೆ ಹೊಳೆಯ ಎಡದಂಡೆ ಬಿಡಬೇಡಿ. ಮೈಸೂರಿಂದ ಬಂದು ಪಟ್ಟಣದೊಳಗೆ ಹೋಗಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಕಲ್ಲು ಸೇತುವೆ ಮೇಲೆ ಉತ್ತರದ ಕವಲು ದಾಟಿ. ಬಲಕ್ಕೆ ಕರಿಘಟ್ಟ ಕಾಣುತ್ತದೆ, ಅದರ ಬುಡದಲ್ಲಿ ಲೋಕಪಾವನಿ ಹೊಳೆ. ಅಲ್ಲಿಂದ ಅರಕೆರೆ ದಿಕ್ಕು ಹಿಡಿಯಿರಿ. ಈ ಬಯಲಿಗೆ ನೀರು ಕೊಡುವುದು ಸಿ.ಡಿ.ಎಸ್. ನಾಲೆ. ಚಿಕ್ಕದೇವರಾಜ ಒಡೆಯರ ಹೆಸರಿನದು, ಕನ್ನಂಬಾಡಿ ಕಟ್ಟೆಗಿಂತ ಇನ್ನೂರು ವರ್ಷಕ್ಕೂ ಹಳೆಯದು. ಹಳೆಯ ನಾಲೆ ಆದ್ದರಿಂದ ನೆಲದ ಏರಿಳಿತ ನೋಡಿಕೊಂಡು ಬಳಸಿ ಬಳಸಿ ಹೋಗುತ್ತದೆ. ಮೋಟಾರಿನವರಿಗೆ ಅದು ಬೇಜಾರು, ಸೈಕಲ್ಲಿನವರಿಗೆ ಅದೇ ಚೆಂದ. ನಾಲೆ ನೀರು ಇಳಿಯುವಷ್ಟೇ ಇಳಿಜಾರು, ಏರು ಅನ್ನುವುದೇ ಇಲ್ಲ.

ಅರಕೆರೆ, ಮಹದೇವಪುರ ಕಡೆಯಿಂದ ನಮ್ಮ ಬನ್ನೂರು. ಇಲ್ಲಿ ಏರಿ ಮೇಲೆ ಕುರಿ ಮಂದೆ ಸಿಗುತ್ತದೆ. ಬನ್ನೂರು ಕುರಿ ಕುಳ್ಳಗೆ, ದಪ್ಪಗೆ, ನಿಧಾನ. ಬೆಲ್ ಹೊಡೆದರೆ ಎಲ್ಲವೂ ಒಂದೇ ಕಡೆ ನುಗ್ಗುತ್ತವೆ, ಒಮ್ಮೊಮ್ಮೆ ನಾಲೆ ಕಡೆಗೇ. ಇಳಿದು ನಿಲ್ಲಿ, ಕುರಿ ಕಾಯುವವರು ಬದಿಗೆ ಮಾಡಿಕೊಡುತ್ತಾರೆ. ಬನ್ನೂರಿಂದ ಸೋಮನಾಥಪುರ ಏಳೆಂಟು ಕಿಲೋಮೀಟರ್. 1268ರ ಕೇಶವ ದೇವಾಲಯ. ಎಷ್ಟು ಸಲ ನೋಡಿದ್ದರೂ ಅರ್ಧ ಗಂಟೆ ಕೂತು ಹೋಗಿ. ಅಲ್ಲಿಂದ ತಲಕಾಡಿನವರೆಗೆ ಮ್ಯಾಪು ಮಡಿಚಿಟ್ಟು ಊರೂರಲ್ಲಿ ಕೇಳಿ. ಏರಿ ಒಡೆದಿದೆಯಾ, ತೂಬಿನ ಹತ್ತಿರ ಕೆಸರಿದೆಯಾ ಅನ್ನುವುದು ಗದ್ದೆಗೆ ನೀರು ಬಿಡುವ ನೀರುಗಂಟಿಗೆ ಗೊತ್ತಿರುತ್ತದೆ, ಮ್ಯಾಪಿಗೆ ಗೊತ್ತಿರುವುದಿಲ್ಲ.

ಎರಡು ದಿನ ಸಾಲದು. ಮೂರು ಮಾಡಿಕೊಳ್ಳಿ. ಮೊದಲ ರಾತ್ರಿ ತಲಕಾಡು. ಎರಡನೇ ದಿನ ಬೆಳಕವಾಡಿ ಮೇಲೆ ಶಿವನಸಮುದ್ರ, ಗಗನಚುಕ್ಕಿ ನೋಡಿ ಮಳವಳ್ಳಿಗೆ ಬಂದು ಮಲಗಿ. ಜನವರಿಯಲ್ಲಿ ಜಲಪಾತದಲ್ಲಿ ನೀರು ಕಡಿಮೆ ಇರುತ್ತದೆ. ಆದರೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು ಇಲ್ಲಿಂದಲೇ, ಅದಕ್ಕಾದರೂ ನೋಡಬೇಕಾದ ಜಾಗ. ಮೂರನೇ ದಿನ ಮಳವಳ್ಳಿಯಿಂದ ಹಲಗೂರು, ಮುತ್ತತ್ತಿ. ಆ ಭಾಗ ಹಲಗೂರಿನವರು ಯಾರಾದರೂ ಹೇಳಲಿ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನಾಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮಕ್ಕಳೂ ಇದ್ದರು. ಸಿಮೆಂಟು ಹಾಕಿದ ನಾಲೆಯ ಪಕ್ಕ ಇಳಿಜಾರು, ಮೇಲೆ ಪಾಚಿ. ಈಜು ಬರುವವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಯಾವಾಗಲೂ ಗದ್ದೆ ಪಕ್ಕದ ಜಾಡಿನಲ್ಲೇ ಓಡಿಸಿ. ಬಿದ್ದರೆ ಗದ್ದೆಗೆ ಬೀಳಬೇಕು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಇಳಿದು ನಿಂತುಬಿಡಿ. ಜನವರಿ ಕಬ್ಬು ಕಡಿಯುವ ಕಾಲ, ಟ್ರೇಲರಿನ ಎರಡೂ ಪಕ್ಕ ಕಬ್ಬು ಹೊರಗೆ ಚಾಚಿರುತ್ತದೆ. ಕತ್ತಲಾದ ಮೇಲೆ ಏರಿ ಮೇಲೆ ಇರಲೇಬೇಡಿ.

ಚೈನಿಗೆ ಎಣ್ಣೆ:

ಟೈರಿನ ಬಗ್ಗೆ ಎರಡು ಮಾತು. 40 ಎಂಎಂ ಸಾಕು. ಗಾಳಿ 35ರಿಂದ 40 ಪಿಎಸ್‌ಐ ಮಧ್ಯೆ ಇಡಿ, ಡಾಂಬರಿಗೆ ಹಾಕಿದಷ್ಟು ಹಾಕಿದರೆ ಗರಸಿನ ಮೇಲೆ ಚಕ್ರ ಕುಣಿಯುತ್ತದೆ. ಹೊರಡುವ ಮುಂಚೆ ಸೀಲಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಒಣಗಿದೆಯಾ ನೋಡಿ. ಮೂರು ನಾಲ್ಕು ತಿಂಗಳಾಗಿದ್ದರೆ ಹೊಸದು ಹಾಕಿ. ಏರಿ ಮೇಲೆ ಜಾಲಿ ಮುಳ್ಳಿಗಿಂತ ನೆಗ್ಗಿಲು ಮುಳ್ಳು ಜಾಸ್ತಿ ಕಾಟ. ಒಂದು ಕಾಯಿಗೆ ಎಲ್ಲ ಕಡೆಯೂ ಮುಳ್ಳು, ಹೇಗೆ ಬಿದ್ದರೂ ಒಂದು ಮೇಲೆ ನೋಡುತ್ತಿರುತ್ತದೆ. ಚುಚ್ಚಿಕೊಂಡರೆ ತಕ್ಷಣ ಕೀಳಬೇಡಿ. ಸೀಲಂಟ್ ಹಿಡಿದುಕೊಂಡಿದ್ದರೆ ಹಾಗೇ ಬಿಟ್ಟು ಊರು ಸೇರಿದ ಮೇಲೆ ಕಿತ್ತುಕೊಳ್ಳಿ. ಒಂದು ಟ್ಯೂಬು, ತೂತಿಗೆ ತುರುಕುವ ಪ್ಲಗ್, ಪಂಪು ಜೊತೆಗಿರಲಿ. ಬನ್ನೂರು ದಾಟಿದರೆ ಈ ಸೈಕಲ್ಲಿನ ಸಾಮಾನು ಎಲ್ಲೂ ಸಿಗುವುದಿಲ್ಲ.

ಬನ್ನೂರು ಏರಿ:

ನೆಗ್ಗಿಲು ಹೇಳಿದಿರಿ, ಸರಿ. ಅದಕ್ಕಿಂತ ದೊಡ್ಡದು ಹುರುಳಿ. ಜನವರಿಯಲ್ಲಿ ರಾಗಿ, ಹುರುಳಿ ಕಿತ್ತು ತಂದು ರಸ್ತೆ ಮೇಲೇ ಹರಡುತ್ತಾರೆ, ಹೋಗಿ ಬರುವ ಗಾಡಿ ತುಳಿದು ಕಾಳು ಬಿಡಿಸಲಿ ಅಂತ. ಕಣ ಮಾಡುವ ಕಾಲ ಹೋಯಿತು. ಎರಡು ವರ್ಷದ ಹಿಂದೆ ಬೆಳಕವಾಡಿ ಹತ್ತಿರ ನಾನು ಅದರ ಮೇಲೆ ಹಾಗೇ ಓಡಿಸಿಕೊಂಡು ಹೋದೆ. ಹುರುಳಿ ಬಳ್ಳಿ ಒಣಗಿದ್ದರೂ ನಾರು ಗಟ್ಟಿ. ಹಿಂದಿನ ಗೇರಿಗೆ ಸುತ್ತಿಕೊಂಡಿತು. ಎರಡು ಸುತ್ತು ತುಳಿಯುವಷ್ಟರಲ್ಲಿ ಕಟ್ ಅಂತ ಸದ್ದು, ಗೇರು ಹಿಡಿದಿರುವ ಕೊಂಡಿಯೇ ಸೊಟ್ಟಗಾಗಿ ಚಕ್ರದ ಕಡ್ಡಿಗೆ ತಗುಲಿತು. ಹುರುಳಿ ಹರಡಿದ್ದ ತಾಯಿ ಕುಡುಗೋಲು ತಂದು ಕೊಟ್ಟರು. ಇಬ್ಬರೂ ಕೂತು ಒಂದೊಂದೇ ಎಳೆ ಕೊಯ್ದು ತೆಗೆದೆವು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಒಂದೇ ಗೇರಿನಲ್ಲಿ ಮಳವಳ್ಳಿವರೆಗೆ ತುಳಿದು ಬಸ್ಸು ಹಿಡಿದೆ.

ಆದ್ದರಿಂದ ಆ ಕೊಂಡಿ ಒಂದು ಜಾಸ್ತಿ ಇಟ್ಟುಕೊಳ್ಳಿ. ನಿಮ್ಮ ಸೈಕಲ್ಲಿನದೇ ಆಗಬೇಕು, ಬೇರೆಯದು ಕೂರುವುದಿಲ್ಲ. ಹುರುಳಿ ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ರಾಗಿ ಆದರೆ ಪರವಾಗಿಲ್ಲ, ಅದು ಮುರಿಯುತ್ತದೆ, ಸುತ್ತುವುದಿಲ್ಲ. ಆದರೆ ಜಾರುತ್ತದೆ, ಬ್ರೇಕ್ ಹಿಡಿಯಬೇಡಿ.

ಹಲಗೂರು ಹೈದ:

ಅಕ್ಕ, ನಮ್ಮೂರ ಭಾಗ ನಾನು ಹೇಳುತ್ತೇನೆ. ಹಲಗೂರಿನಿಂದ ಮುತ್ತತ್ತಿಗೆ ಇಪ್ಪತ್ತು ಕಿಲೋಮೀಟರ್‌ಗೆ ಸ್ವಲ್ಪ ಮೇಲೆ. ಮೊದಲು ಹೊಲ, ರೇಷ್ಮೆ ತೋಟ, ಆಮೇಲೆ ಕಾಡು. ಹೊಳೆ ಕಡೆಗೆ ಇಳಿಜಾರು, ತಿರುವು ಜಾಸ್ತಿ. ಇಳಿಯುವಾಗ ಖುಷಿ. ಬರುವಾಗ ಅಷ್ಟನ್ನೂ ಹತ್ತಬೇಕು, ಮಧ್ಯಾಹ್ನದ ಬಿಸಿಲಿನಲ್ಲಿ. ಅದಕ್ಕೆ ಬೆಳಿಗ್ಗೆ ಮಳವಳ್ಳಿ ಬೇಗ ಬಿಡಿ, ಆದರೆ ಕಾಡು ಸೇರುವುದು ಚೆನ್ನಾಗಿ ಬೆಳಕು ಹರಿದ ಮೇಲೇ ಆಗಲಿ. ಏಳೂವರೆ, ಎಂಟಕ್ಕೆ ಸರಿಯಾಗುತ್ತದೆ. ರಾತ್ರಿ ರಾಗಿ ಹೊಲಕ್ಕೆ ಬಂದ ಆನೆ ಬೆಳಗಿನ ಜಾವ ಕಾಡಿಗೆ ವಾಪಸ್ ಹೋಗುತ್ತದೆ. ಆ ಹೊತ್ತಿನಲ್ಲಿ ನೀವು ರಸ್ತೆಯಲ್ಲಿರಬಾರದು.

ಲದ್ದಿ ನೋಡುವುದನ್ನು ಕಲಿಯಿರಿ. ಒಣಗಿ ಬೆಳ್ಳಗಾಗಿದ್ದರೆ ಚಿಂತೆ ಇಲ್ಲ. ಹಸಿರಾಗಿ ಒದ್ದೆಯಾಗಿದ್ದು ಹಬೆ ಆಡುತ್ತಿದ್ದರೆ ನಿಂತುಬಿಡಿ. ಹಿಂದಿನಿಂದ ಬಸ್ಸೋ ಕಾರೋ ಬರುವ ತನಕ ಕಾದು ಅದರ ಬೆನ್ನಿಗೇ ಹೋಗಿ. ಬಿದಿರು ಮುರಿಯುವ ಚಟಚಟ ಸದ್ದು ಕೇಳಿದರೂ ಅಷ್ಟೇ. ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಡಿ.

ಕೆಳಗೆ ಮುತ್ತೆತ್ತಿರಾಯನ ಗುಡಿ. ಸೀತಮ್ಮನ ಮೂಗುತಿ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ಬಾಲದಲ್ಲಿ ಸುಳಿ ಎಬ್ಬಿಸಿ ಎತ್ತಿಕೊಟ್ಟ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಅಣ್ಣಾವ್ರಿಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದು ಈ ದೇವರದ್ದೇ. ಶನಿವಾರ ಭಾನುವಾರ ಜನ ಜಾಸ್ತಿ, ವಾರದ ಮಧ್ಯೆ ಬನ್ನಿ. ಹೊಳೆ ನೋಡಿದರೆ ಶಾಂತ, ಒಳಗೆ ಬಂಡೆ, ಸುಳಿ. ಪ್ರತಿ ವರ್ಷ ಯಾರದಾದರೂ ಮನೆಯವರು ಇಲ್ಲಿ ಕೂತು ಅಳುವುದನ್ನು ನಾವು ನೋಡುತ್ತೇವೆ. ದಡದಲ್ಲಿ ಕಾಲು ತೊಳೆದುಕೊಳ್ಳಿ, ಸಾಕು. ಈಜಬೇಡಿ ಅಕ್ಕ.

ಬುತ್ತಿ ಕೈಯಲ್ಲಿ ಹಿಡಿದುಕೊಂಡು ತಿನ್ನಬೇಡಿ, ಕೋತಿಗಳು ಬಿಡುವುದಿಲ್ಲ. ದಡದ ಹೊಳೆಮತ್ತಿ ಮರ ತಲೆ ಎತ್ತಿ ನೋಡಿ. ಬುಡ ಬೆಳ್ಳಗೆ, ನುಣ್ಣಗೆ ಇರುತ್ತದೆ, ಕೊಂಬೆ ಹೊಳೆ ಮೇಲೆ ಬಾಗಿರುತ್ತದೆ. ಬೂದು ಬಣ್ಣದ ದೊಡ್ಡ ಅಳಿಲು ಆ ಮರಗಳಲ್ಲಿ ಗೂಡು ಕಟ್ಟುತ್ತದೆ. ಬಾಲವೇ ಮೈಯಷ್ಟು ಉದ್ದ.

ಸರಸ್ವತಿಪುರಂ ಸವಾರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಡಿನ ಗೆರೆಗಳನ್ನು ಕೈಬಿಟ್ಟೆವು. ಮೂರು ದಿನ ರಜೆ ಸಿಕ್ಕಿದೆ. ಬನ್ನೂರು ಏರಿ ಸರ್, ಇಬ್ಬರೇ ಹೆಂಗಸರು ಏರಿ ಮೇಲೆ ಹೋಗುವುದು ಹೇಗೆ? ಮನೆಯಲ್ಲಿ ಅತ್ತೆ ಅದನ್ನೇ ಕೇಳುತ್ತಿದ್ದಾರೆ.

ಬನ್ನೂರು ಏರಿ:

ಬೆಳಿಗ್ಗೆ ಹೊತ್ತು ಏರಿ ಮೇಲೆ ನಿಮಗಿಂತ ಮುಂಚೆ ಹೆಂಗಸರೇ ಇರುತ್ತಾರೆ. ಹುಲ್ಲಿಗೆ ಹೋಗುವವರು, ಬಟ್ಟೆ ಒಗೆಯುವವರು, ಡೇರಿಗೆ ಹಾಲು ಹಾಕಿ ಬರುವವರು. ಎಲ್ಲಿಂದ ಬಂದ್ರಿ, ಎಲ್ಲಿಗೆ, ಯಾಕೆ ಅಂತ ಕೇಳೇ ಕೇಳುತ್ತಾರೆ. ನಿಂತು ಉತ್ತರ ಹೇಳಿ. ನೀವು ಮುಂದಿನ ಊರು ಮುಟ್ಟುವ ಮುಂಚೆ ಸುದ್ದಿ ಮುಟ್ಟಿರುತ್ತದೆ. ಅತ್ತೆಯವರಿಗೆ ಅದನ್ನೇ ಹೇಳಿ. ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ಏರಿ ನಿರ್ಜನ, ಆ ಹೊತ್ತು ಊರೊಳಗಿನ ದಾರಿ ಹಿಡಿಯಿರಿ. ಬನ್ನೂರಲ್ಲಿ ನಮ್ಮ ಮನೆಯಲ್ಲಿ ತಿಂಡಿ ತಿಂದು ಹೋಗಬೇಕು. ನಮ್ಮ ಮನೆಯವರು ಆಗಲೇ ಅವರೆಕಾಳು ಉಪ್ಪಿಟ್ಟು ಅಂತ ತೀರ್ಮಾನ ಮಾಡಿದ್ದಾರೆ.

ಸರಸ್ವತಿಪುರಂ ಸವಾರಿ:

ಹೋಗಿ ಬಂದೆವು. ಗಗನಚುಕ್ಕಿ ಬಿಟ್ಟು ಎಲ್ಲ ನೋಡಿದೆವು. ಎರಡನೇ ದಿನ ತಲಕಾಡು ಬಿಡುವುದೇ ಹತ್ತಾಯಿತು, ಬೆಳಕವಾಡಿಯಿಂದ ನೇರ ಮಳವಳ್ಳಿಗೆ ಬಂದೆವು.

ಅರಕೆರೆಗೆ ಮುಂಚೆ ಒಂದು ಕಡೆ ಏರಿ ಕುಸಿದಿತ್ತು. ಒಬ್ಬ ನೀರುಗಂಟಿ ತಾತ ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಬರುತ್ತಿದ್ದರು. ಮಾತಿಲ್ಲದೆ ನಾದಿನಿಯ ಸೈಕಲ್ ಎತ್ತಿ ಗದ್ದೆ ಬದುವಿನ ಮೇಲೆ ದಾಟಿಸಿ ಕೊಟ್ಟರು. "ಇಷ್ಟೇನಾ ತೂಕ?" ಅಂತ ಒಂದು ಕೈಯಲ್ಲಿ ಮತ್ತೊಮ್ಮೆ ಎತ್ತಿ ನೋಡಿದರು. ಹುರುಳಿ ಮೂರು ಕಡೆ ಸಿಕ್ಕಿತು, ಮೂರೂ ಕಡೆ ಇಳಿದೆವು. ಮೈಸೂರಿಗೆ ಬಂದು ಎಣಿಸಿದರೆ ನನ್ನ ಹಿಂದಿನ ಟೈರಿನಲ್ಲಿ ಏಳು ನೆಗ್ಗಿಲು, ಒಂದರಲ್ಲೂ ಗಾಳಿ ಹೋಗಿಲ್ಲ.

ಮುತ್ತತ್ತಿ ಇಳಿಜಾರಿನಲ್ಲಿ ಎಂಟೂವರೆಗೆ ಒದ್ದೆ ಲದ್ದಿ ಕಂಡಿತು. ನಿಂತೆವು. ಇಪ್ಪತ್ತು ನಿಮಿಷ ಒಂದು ಗಾಡಿಯೂ ಬರಲಿಲ್ಲ. ಕಾಡು ಎಷ್ಟು ಸುಮ್ಮನಿತ್ತು ಅಂದರೆ ನಾದಿನಿಯ ಉಸಿರು ನನಗೆ ಕೇಳುತ್ತಿತ್ತು. ಆಮೇಲೆ ದೇವಸ್ಥಾನಕ್ಕೆ ಹೋಗುವ ಒಂದು ಟೆಂಪೊ ಬಂತು. ವಿಷಯ ಹೇಳಿದೆವು. ಚಾಲಕರು ಕೆಳಗೆ ಹೊಳೆ ಕಾಣುವವರೆಗೂ ನಮ್ಮ ಮುಂದೆ ನಿಧಾನವಾಗಿ ಓಡಿಸಿದರು, ಒಳಗಿದ್ದ ಅಜ್ಜಿಯರು ಹಿಂದಿನ ಗಾಜಿನಿಂದ ನಮ್ಮನ್ನೇ ನೋಡುತ್ತಿದ್ದರು. ಆನೆ ಕಾಣಲಿಲ್ಲ. ಅಳಿಲು ಕಂಡಿತು, ಎರಡು.

ಬನ್ನೂರು ಏರಿ ಸರ್, ಉಪ್ಪಿಟ್ಟಿನ ಡಬ್ಬಿ ನಮ್ಮ ಹತ್ತಿರವೇ ಉಳಿದುಕೊಂಡಿದೆ. ಮುಂದಿನ ಭಾನುವಾರ ಏರಿ ಮೇಲೇ ಬಂದು ಕೊಡುತ್ತೇವೆ.